ಪ್ರಾರ್ಥನೆಗೆ ಉತ್ತರ ಬಾರದಾಗ: ವಿಶ್ವಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಯಿಲೆ ವಾಸಿಯಾಗಲಿ ಎಂದು ಕೇಳಿದಿರಿ, ಆಗಲಿಲ್ಲ. ಮಗು ಬೇಕೆಂದು ಕೇಳಿದಿರಿ, ಕೆಲಸ ಸಿಗಲಿ ಎಂದು ಉಪವಾಸ ಇದ್ದಿರಿ, ಮುರಿದು ಬೀಳುತ್ತಿರುವ ಮದುವೆ ಉಳಿಯಲಿ ಎಂದು ಅತ್ತಿರಿ. ಏನೂ ಬದಲಾಗಲಿಲ್ಲ. ಇಂಥ ಹೊತ್ತಲ್ಲಿ ಬರುವ ಪ್ರಶ್ನೆಗಳು ಇಲ್ಲಿವೆ. ಕೆಲವನ್ನು ಜನ ಸಭೆಯಲ್ಲೇ ಕೇಳುತ್ತಾರೆ. ಜಾಸ್ತಿ ಪಾಲು ಕೂಟ ಮುಗಿದ ಮೇಲೆ, ಪಕ್ಕಕ್ಕೆ ಕರೆದು, ಮೆಲ್ಲಗೆ ಕೇಳುವಂಥವು. ಎಲ್ಲದಕ್ಕೂ ಪೂರ್ತಿ ಉತ್ತರ ಇಲ್ಲಿ ಸಿಗುವುದಿಲ್ಲ. ಸತ್ಯವೇದವೇ (ಬೈಬಲ್) ಉತ್ತರ ಹೇಳದೆ ಬಿಟ್ಟ ಕಡೆ ನಾವು ಹೊಸದಾಗಿ ಹುಟ್ಟಿಸಲು ಹೋಗಿಲ್ಲ.

ದೇವರು ನನ್ನ ಪ್ರಾರ್ಥನೆ ಕೇಳಿಸಿಕೊಳ್ತಾ ಇದ್ದಾರಾ?

ಕೇಳಿಸಿಕೊಳ್ಳುತ್ತಾರೆ. ಆದರೆ ಕೇಳಿಸಿಕೊಳ್ಳುವುದು ಬೇರೆ, ಕೇಳಿದ್ದನ್ನೇ ಕೊಡುವುದು ಬೇರೆ. ಕೈಗೆ ಸಿಗದಿದ್ದರೆ ದೇವರ ಕಿವಿಗೇ ಬಿದ್ದಿಲ್ಲ ಅಂದುಕೊಳ್ಳುವುದು ನಮ್ಮೆಲ್ಲರ ಅಭ್ಯಾಸ.

ಗೆತ್ಸೇಮನೆ ತೋಟವನ್ನು ನೋಡಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಸ್ವಾಮಿ ನೆಲಕ್ಕೆ ಬಿದ್ದು ಪ್ರಾರ್ಥಿಸಿದರು. ಸಾಧ್ಯವಾದರೆ ಈ ಪಾತ್ರೆ, ಅಂದರೆ ಮುಂದಿರುವ ಈ ಸಂಕಟ, ನನ್ನಿಂದ ದೂರ ಹೋಗಲಿ ಎಂದರು. ಎದ್ದು ಬಂದು ನೋಡಿದರೆ ಶಿಷ್ಯರು ನಿದ್ದೆ ಹೋಗಿದ್ದರು. ಮತ್ತೆ ಹೋಗಿ ಪ್ರಾರ್ಥಿಸಿದರು. ಮೂರನೇ ಸಲವೂ ಅದೇ ಮಾತು ಹೇಳಿದರು ಎಂದು ಮತ್ತಾಯ 26 ತಿಳಿಸುತ್ತದೆ. ಪಾತ್ರೆ ದೂರ ಹೋಗಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವರು ಶಿಲುಬೆಯ ಮೇಲಿದ್ದರು.

ಈಗ ಇಬ್ರಿಯರಿಗೆ 5:7 ಓದಿ. ಕ್ರಿಸ್ತನು ಗಟ್ಟಿಯಾಗಿ ಕೂಗಿ, ಕಣ್ಣೀರು ಸುರಿಸಿ ಬೇಡಿಕೊಂಡನು, ಆ ಪ್ರಾರ್ಥನೆಯನ್ನು ದೇವರು ಕೇಳಿದರು ಎಂದಿದೆ. ಪತ್ರ ಬರೆದವನಿಗೆ ಶಿಲುಬೆಯ ವಿಷಯ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಬರೆದ. ನಿಮ್ಮ ಪ್ರಾರ್ಥನೆ ಮೇಲಕ್ಕೇ ಹೋಗಿಲ್ಲ ಎಂದು ಯಾರಾದರೂ ಹೇಳಿದರೆ, ಈ ಒಂದು ವಚನ ಅವರ ಮುಂದಿಡಿ.

ನನ್ನ ವಿಶ್ವಾಸ ಸಾಲದೇ ಹೀಗಾಯ್ತಾ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರಿಗೆ ಅದನ್ನು ತಲೆಗೆ ತುಂಬಿದವರು ಬೇರೆ ಯಾರೋ. ಒಬ್ಬ ತಾಯಿಗೆ ಮಗು ತೀರಿಕೊಂಡ ವಾರದಲ್ಲೇ "ಅಕ್ಕಾ, ಇನ್ನೂ ಸ್ವಲ್ಪ ನಂಬಬೇಕಿತ್ತು" ಎಂದು ಹೇಳುವವರೂ ಇದ್ದಾರೆ. ಹೇಳಿದವರು ಮನೆಗೆ ಹೋಗಿ ಮರೆತುಬಿಡುತ್ತಾರೆ. ಕೇಳಿದವಳು ವರ್ಷಗಟ್ಟಲೆ ಅದನ್ನು ಹೊತ್ತು ತಿರುಗುತ್ತಾಳೆ. ಉತ್ತರ ಬಾರದ ಪ್ರಾರ್ಥನೆಗಿಂತ ಈ ಮಾತೇ ಜಾಸ್ತಿ ಜನರನ್ನು ದೇವರಿಂದ ದೂರ ಮಾಡಿದೆ ಎಂದು ನಮಗೆ ಅನಿಸುತ್ತದೆ.

ಪೌಲನಿಗೆ ಶರೀರದಲ್ಲಿ ಏನೋ ಒಂದು ಮುಳ್ಳು ನಾಟಿತ್ತು. ಅದು ಏನೆಂದು ಅವನು ಹೇಳಲಿಲ್ಲ. ತೆಗೆದುಬಿಡು ಎಂದು ಮೂರು ಸಲ ಬೇಡಿದ. ತೆಗೆಯಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು (2 ಕೊರಿಂಥ 12). ಇದು ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಮಾತು ಅವನ ಪತ್ರದ ಕೊನೆಯಲ್ಲಿದೆ. 2 ತಿಮೊಥೆ 4:20ರಲ್ಲಿ, ಊರಿನ ಸುದ್ದಿ ಹೇಳುವ ಹಾಗೆ, ತ್ರೊಫಿಮನು ಕಾಯಿಲೆ ಬಿದ್ದದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಎಂದು ಬರೆಯುತ್ತಾನೆ. ಅಷ್ಟೇ. ವಿವರಣೆ ಇಲ್ಲ, ನಾಚಿಕೆ ಇಲ್ಲ, ಅವನ ವಿಶ್ವಾಸದ ಬಗ್ಗೆ ಟೀಕೆ ಇಲ್ಲ. ಎಷ್ಟೋ ರೋಗಿಗಳು ಪೌಲನ ಕೈಯಿಂದ ಗುಣವಾಗಿದ್ದರು. ಜೊತೆಗೆ ತಿರುಗಾಡಿದ ಗೆಳೆಯ ಮಾತ್ರ ಹಾಸಿಗೆ ಹಿಡಿದು ಹಿಂದೆ ಉಳಿದ. ಪೌಲನ ಕಿರಿಯ ಜೊತೆಗಾರ ತಿಮೊಥೆಗೂ ಪದೇ ಪದೇ ಅಸ್ವಸ್ಥತೆ ಇತ್ತು. ಅವನಿಗೆ ಪೌಲ ಕೊಟ್ಟ ಸಲಹೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಎಂದು (1 ತಿಮೊಥೆ 5:23). ನಿನ್ನ ನಂಬಿಕೆ ಹೆಚ್ಚಿಸಿಕೋ ಎನ್ನಲಿಲ್ಲ.

ಹಾಗಂತ ವಿಶ್ವಾಸಕ್ಕೂ ಪ್ರಾರ್ಥನೆಗೂ ಸಂಬಂಧವೇ ಇಲ್ಲ ಎನ್ನಲಾಗುವುದಿಲ್ಲ. ನಜರೇತಿನಲ್ಲಿ ಜನ ನಂಬದೇ ಹೋದದ್ದನ್ನು ಕಂಡು ಯೇಸು ಆಶ್ಚರ್ಯಪಟ್ಟರು ಎಂದು ಮಾರ್ಕ 6ರಲ್ಲಿದೆ. ಆದರೆ ಅದು ಅವರನ್ನು ತಾತ್ಸಾರ ಮಾಡಿದ ಊರಿನ ಕಥೆ. ಅತ್ತು ಬೇಡುವವರ ಕಥೆ ಮಾರ್ಕ 9ರಲ್ಲಿ ಬರುತ್ತದೆ. ಮಗನಿಗಾಗಿ ಬಂದ ಒಬ್ಬ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಎಂದ. ಅರ್ಧ ನಂಬಿಕೆ, ಅರ್ಧ ಅನುಮಾನ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಮಗ ಗುಣವಾದ. ನೀವು ಇನ್ನೂ ಕೇಳುತ್ತಿದ್ದೀರಿ ಎಂದರೆ ಆ ತಂದೆಯಷ್ಟಾದರೂ ನಂಬಿಕೆ ನಿಮ್ಮಲ್ಲಿದೆ.

ಹಾಗಾದರೆ ನಾನು ಮಾಡಿದ ಯಾವುದೋ ಪಾಪ ಅಡ್ಡ ಬಂದಿದೆಯಾ?

ಪಾಪ ಪ್ರಾರ್ಥನೆಗೆ ಅಡ್ಡಿಯಾಗುತ್ತದೆ ಎಂದು ಸತ್ಯವೇದ ಹೇಳುವುದು ನಿಜ. 1 ಪೇತ್ರ 3:7ರ ಪ್ರಕಾರ ಹೆಂಡತಿಯನ್ನು ಗೌರವದಿಂದ ನಡೆಸಿಕೊಳ್ಳದ ಗಂಡನ ಪ್ರಾರ್ಥನೆಗೆ ತಡೆ ಬರುತ್ತದೆ. ಈ ವಚನದ ಮೇಲೆ ಪ್ರಸಂಗ ಕೇಳಿದ ನೆನಪು ನಿಮಗಿದೆಯಾ? ನಮಗೂ ಕಡಿಮೆಯೇ. ಅಂಥದ್ದು ಇದ್ದರೆ ನಿಮಗೇ ಗೊತ್ತಿರುತ್ತದೆ. ಒಪ್ಪಿಕೊಳ್ಳಿ, ಸರಿಮಾಡಿಕೊಳ್ಳಿ, ಮುಂದೆ ನಡೆಯಿರಿ.

ಆದರೆ ಏನೂ ತೋಚದೆ, ಇಪ್ಪತ್ತು ವರ್ಷದ ಹಿಂದಿನ ತಪ್ಪನ್ನೆಲ್ಲ ರಾತ್ರಿ ಕೆದಕುತ್ತಾ ಕೂತಿದ್ದರೆ, ಅದನ್ನು ನಿಲ್ಲಿಸಿ. ಹುಟ್ಟು ಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಇದನ್ನೇ: ಪಾಪ ಮಾಡಿದವರು ಯಾರು, ಇವನಾ, ಇವನ ಅಪ್ಪ ಅಮ್ಮನಾ? ಇಬ್ಬರೂ ಅಲ್ಲ ಎಂದರು ಯೇಸು (ಯೋಹಾನ 9). ಗೋಪುರ ಬಿದ್ದು ಸತ್ತ 18 ಜನ ಉಳಿದವರಿಗಿಂತ ಕೆಟ್ಟವರೇನಲ್ಲ ಎಂದೂ ಹೇಳಿದರು (ಲೂಕ 13).

"ಬೇಡಿಕೊಳ್ಳಿರಿ, ನಿಮಗೆ ದೊರೆಯುವುದು" ಅಂದಿದ್ದು ಯೇಸುವೇ ಅಲ್ವಾ? ಆ ಮಾತು ಸುಳ್ಳಾಯ್ತಲ್ಲ?

ಕಷ್ಟದ ಪ್ರಶ್ನೆ. ಸುತ್ತಿ ಬಳಸಿ ತಪ್ಪಿಸಿಕೊಳ್ಳುವುದು ಸರಿಯಲ್ಲ. ಮಾರ್ಕ 11:24 ಇನ್ನೂ ಗಟ್ಟಿಯಾಗಿದೆ: ಪ್ರಾರ್ಥನೆಯಲ್ಲಿ ಕೇಳಿದ್ದೆಲ್ಲ ಸಿಕ್ಕಿತೆಂದು ನಂಬಿ, ಸಿಗುತ್ತದೆ.

ಈ ಮಾತು ಯಾವಾಗ ಹೇಳಿದ್ದು ಎಂದು ನೋಡಬೇಕು. ಯೆರೂಸಲೇಮಿಗೆ ಬಂದ ಮೇಲೆ, ಶಿಲುಬೆಗೆ ಇನ್ನು ಕೆಲವೇ ದಿನ ಇದ್ದಾಗ. ಅದೇ ವಾರ, ಅದೇ ಸುವಾರ್ತೆಯ 14ನೇ ಅಧ್ಯಾಯದಲ್ಲಿ, ಅದೇ ಯೇಸು ತಂದೆಯ ಬಳಿ ಕೇಳುತ್ತಾರೆ: ನಿನಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನು ತೆಗೆದುಬಿಡು, ಆದರೂ ನನ್ನ ಇಷ್ಟದಂತಲ್ಲ, ನಿನ್ನ ಇಷ್ಟದಂತೆ ಆಗಲಿ. ಅಂದರೆ, ಮಾತು ಕೊಟ್ಟವರೇ ಆ ಮಾತನ್ನು ಹೇಗೆ ಬಳಸಬೇಕೆಂದು ಬದುಕಿ ತೋರಿಸಿದರು. ಎಲ್ಲವೂ ಸಾಧ್ಯ ಎಂಬುದನ್ನು ಬಿಡಲಿಲ್ಲ. ಕೊನೆಯ ತೀರ್ಮಾನ ತಂದೆಯದು ಎಂಬುದನ್ನೂ ಬಿಡಲಿಲ್ಲ. ಒಂದನೇ ಯೋಹಾನ 5:14 ಕೂಡ "ಆತನ ಚಿತ್ತದ ಪ್ರಕಾರ" ಎಂಬ ಮಾತು ಸೇರಿಸುತ್ತದೆ.

ಮತ್ತಾಯ 7ರಲ್ಲಿ ಬರುವುದು ಮಗ ರೊಟ್ಟಿ ಕೇಳಿದರೆ ಕಲ್ಲು ಕೊಡದ ಅಪ್ಪನ ಮಾತು. ನಮಗೆ ಎಷ್ಟೋ ಸಲ ಕೈಯಲ್ಲಿ ಇರುವುದು ಕಲ್ಲೇ ಅನಿಸುತ್ತದೆ. ಹಾಗನಿಸಿದ್ದನ್ನು ಆ ಅಪ್ಪನಿಗೇ ಹೇಳಬಹುದು. ಅದಕ್ಕೆ ಮುಂದೆ ಬರುತ್ತೇವೆ.

ದೇವರ ಉತ್ತರ ಮೂರೇ, "ಹೌದು, ಇಲ್ಲ, ಕಾದಿರು" ಅಂತ ಕೇಳಿದ್ದೇನೆ. ಸರಿನಾ?

ತಪ್ಪೇನಲ್ಲ. ಮಕ್ಕಳ ಪಾಠಕ್ಕೆ ಚೆನ್ನಾಗಿದೆ. ಆದರೆ ತೊಂದರೆಯಲ್ಲಿ ಇರುವವರಿಗೆ ಬಂದದ್ದು "ಇಲ್ಲ"ವೋ "ಕಾದಿರು"ವೋ ಗೊತ್ತಾಗುವುದೇ ಇಲ್ಲ, ಕಷ್ಟ ಇರುವುದೇ ಅಲ್ಲಿ.

ಎಷ್ಟು ದಿನ ಕಾಯಬೇಕು?

ಅಬ್ರಹಾಮ ಹಾರಾನಿನಿಂದ ಹೊರಟಾಗ ಅವನಿಗೆ 75 ವರ್ಷ. ದೇವರು ಮಾತು ಕೊಟ್ಟ ಮಗ ಇಸಾಕ ಹುಟ್ಟಿದಾಗ 100. ನಡುವೆ 25 ವರ್ಷ. ಆ ಕಾಯುವಿಕೆಯನ್ನು ಅವನು ಚೆನ್ನಾಗಿಯೇನೂ ನಿಭಾಯಿಸಲಿಲ್ಲ. ತಾನೇ ಒಂದು ದಾರಿ ಹುಡುಕಲು ಹೋದ, ಇಷ್ಮಾಯೇಲ ಹುಟ್ಟಿದ, ಮನೆಯಲ್ಲಿ ಜಗಳ ಹತ್ತಿತು. ಹಾಗಂತ ದೇವರು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಯೋಸೇಫನ ಕಥೆ ಶುರುವಾಗುವಾಗ ಅವನಿಗೆ 17, ಫರೋಹನ ಮುಂದೆ ನಿಂತಾಗ 30. ಅದರಲ್ಲಿ ಎರಡು ವರ್ಷ ಹೋದದ್ದು ಬರೀ ಒಬ್ಬ ಮನುಷ್ಯನ ಮರೆವಿನಿಂದ. ಅವನ ಜೊತೆ ಸೆರೆಯಲ್ಲಿದ್ದ ಫರೋಹನ ಪಾನದಾಯಕ ಬಿಡುಗಡೆಯಾಗಿ ಹೋದವನು ಯೋಸೇಫನನ್ನು ನೆನಪೇ ಮಾಡಿಕೊಳ್ಳಲಿಲ್ಲ.

ಇವು ನಮಗೆ ಇಷ್ಟವಾಗುವ ಕಥೆಗಳು, ಯಾಕೆಂದರೆ ಕೊನೆಯಲ್ಲಿ ಸಿಕ್ಕಿತು. ಸಿಗದ ಕಥೆಗಳೂ ಅಲ್ಲೇ ಇವೆ. ದೇವರು ಮಾತು ಕೊಟ್ಟಿದ್ದ ಆ ಒಳ್ಳೆಯ ದೇಶವನ್ನು ನೋಡಲು ಬಿಡು ಎಂದು ಮೋಶೆ ಅಂಗಲಾಚಿದ. ಸಾಕು, ಈ ವಿಷಯ ಮತ್ತೆ ಎತ್ತಬೇಡ ಎಂದರು ದೇವರು (ಧರ್ಮೋಪದೇಶಕಾಂಡ 3). ಬೆಟ್ಟ ಹತ್ತಿ ದೂರದಿಂದ ನೋಡಿದ, ಅಷ್ಟೇ ಸಿಕ್ಕಿದ್ದು. ಇಬ್ರಿಯರಿಗೆ 11ನೇ ಅಧ್ಯಾಯ ವಿಶ್ವಾಸವೀರರ ಪಟ್ಟಿ ಎಂದೇ ಹೆಸರಾಗಿದೆ. ಅದರ ಕೊನೆಗೆ ಬರುವ ಮಾತು, ಇವರಲ್ಲಿ ಯಾರೂ ವಾಗ್ದಾನವಾದದ್ದನ್ನು ಹೊಂದಲಿಲ್ಲ ಎಂದು.

ಆದ್ದರಿಂದ "ಇನ್ನು ಸ್ವಲ್ಪ ದಿನ, ಆಗೇ ಆಗುತ್ತೆ" ಎಂದು ಯಾರಿಗೂ ಗಡುವು ಹಾಕಿ ಕೊಡಬೇಡಿ. ಕೊಡುವ ಅಧಿಕಾರ ನಮಗಿಲ್ಲ.

ದೇವರ ಮೇಲೇ ಕೋಪ ಬರ್ತಾ ಇದೆ. ಹಾಗೆ ಹೇಳಿಕೊಂಡರೆ ತಪ್ಪಾಗುತ್ತಾ?

ದೇವರಿಗೇ ಹೇಳಿದರೆ ತಪ್ಪಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯ ಇದ್ದರೆ ಇದನ್ನೇ ಓದಿ ಎನ್ನುತ್ತೇವೆ.

ಹದಿಮೂರನೇ ಕೀರ್ತನೆಯಲ್ಲಿ ಬರೀ 6 ವಚನ. ಮೊದಲ ಎರಡರಲ್ಲೇ "ಇನ್ನೆಷ್ಟರ ತನಕ" ಎಂಬ ಪ್ರಶ್ನೆ ನಾಲ್ಕು ಸಲ. ನನ್ನನ್ನು ಮರೆತೇ ಬಿಟ್ಟೆಯಾ ಎಂದು ನೇರ ಕೇಳುತ್ತಾನೆ ದಾವೀದ. ಪ್ರಲಾಪಗಳು 3:8 ಇನ್ನೂ ಖಾರವಾಗಿದೆ: ನಾನು ಕೂಗಿ ಮೊರೆಯಿಟ್ಟರೂ ನನ್ನ ಪ್ರಾರ್ಥನೆಯನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ ಎಂಬ ದೂರು. ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನಲ್ಲಿ "ದಿನದಿನವೂ ಹೊಸ ಕರುಣೆ" ಎಂಬ ವಚನ ಇರುತ್ತದಲ್ಲ, ಅದು ಇದೇ ಅಧ್ಯಾಯದ್ದು. ಹದಿನೈದು ವಚನ ಹಿಂದೆ ಹೋದರೆ ಈ ದೂರು ಸಿಗುತ್ತದೆ. ಯೆರೆಮೀಯನಂತೂ 20ನೇ ಅಧ್ಯಾಯದಲ್ಲಿ ನೀನು ನನ್ನನ್ನು ಮರುಳುಮಾಡಿದೆ, ನಾನು ಮರುಳಾದೆ ಎಂದು ದೇವರಿಗೇ ಹೇಳಿದ.

ಇವರೆಲ್ಲ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತಾರೆ ಎಂದು ನಾವು ತಕ್ಷಣ ಸಮಾಧಾನ ಮಾಡಿಕೊಳ್ಳುತ್ತೇವೆ. 88ನೇ ಕೀರ್ತನೆ ಹಾಗೆ ತಿರುಗುವುದೇ ಇಲ್ಲ. ಹೇಮಾನ ಎಂಬವನ ಹೆಸರಿನಲ್ಲಿರುವ ಈ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಗೆಳೆಯರೆಲ್ಲ ದೂರವಾದರು, ಕತ್ತಲೆ, ಮುಗಿಯಿತು. "ಆದರೂ ಸ್ತೋತ್ರ" ಎಂಬ ಸಾಲು ಇಲ್ಲ. ಇದು ದೇವಾಲಯದ ಹಾಡುಗಾರರಾದ ಕೋರಹನ ವಂಶದವರ ಹಾಡು ಎಂದು ತಲೆಬರಹದಲ್ಲೇ ಇದೆ. ಆರಾಧನೆಯಲ್ಲಿ ಎಲ್ಲರೂ ಸೇರಿ ಇದನ್ನು ಹಾಡಿದ್ದಿರಬೇಕು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಇಂಥ ಹಾಡು ಈಗ ನಮ್ಮ ಆರಾಧನೆಯಲ್ಲಿ ಯಾಕಿಲ್ಲ ಎಂಬುದು ಹಾಡು ಆರಿಸುವವರು ಯೋಚಿಸಬೇಕಾದ ವಿಷಯ.

ಆದರೆ ಹೇಮಾನ ಈ ಮಾತೆಲ್ಲ ಯಾರಿಗೆ ಹೇಳಿದ ಎಂದು ಗಮನಿಸಿ. ಮೊದಲ ವಚನದಲ್ಲೇ "ನನ್ನನ್ನು ರಕ್ಷಿಸುವ ದೇವರೇ" ಎಂದು ಕರೆಯುತ್ತಾನೆ. ನಂಬಿಕೆ ಪೂರ್ತಿ ಹೋದವನು ಯಾರ ಜೊತೆಗೂ ಜಗಳ ಆಡುವುದಿಲ್ಲ, ಸುಮ್ನೆ ಎದ್ದು ಹೋಗುತ್ತಾನೆ. ಯೋಬನ ಪುಸ್ತಕದಲ್ಲೂ ಇದೇ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಅಧ್ಯಾಯಗಟ್ಟಲೆ ದೇವರ ಮೇಲೆ ದೂರು ಹೇಳಿದವನು ಯೋಬ. ದೇವರ ಪರ ವಕಾಲತ್ತು ಮಾಡಿದವರು ಅವನ ಗೆಳೆಯರು. ಕೊನೆಗೆ 42:7ರಲ್ಲಿ ದೇವರು ಕೋಪಗೊಂಡದ್ದು ಗೆಳೆಯರ ಮೇಲೆ. ಯೋಬನ ಹಾಗೆ ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ ಎಂದರು.

ನಿಮ್ಮ ಕೋಪಕ್ಕೆ ಮಾತು ಸಿಗದಿದ್ದರೆ ಈ ಕೀರ್ತನೆಗಳನ್ನೇ ಗಟ್ಟಿಯಾಗಿ ಓದಿ. ಅಥವಾ ಒಂದು ಹಾಳೆಯಲ್ಲಿ "ಸ್ವಾಮಿ, ನೀನು ಹೀಗೆ ಮಾಡಬಾರದಿತ್ತು" ಎಂದು ಶುರುಮಾಡಿ ಬರೆಯಿರಿ. ಕೊನೆಯಲ್ಲಿ ಆಮೆನ್ ಬರೆಯಲು ಮನಸ್ಸಾಗದಿದ್ದರೆ ಬಿಡಿ.

ಬೇರೆಯವರು ಸಾಕ್ಷಿ ಹೇಳುವಾಗ ಹೊಟ್ಟೆ ಉರಿಯುತ್ತೆ. ನಾನು ಅಷ್ಟು ಕೆಟ್ಟವಳಾ?

ಇಲ್ಲ. ನಿಮಗೆ ನೋವಾಗಿದೆ, ಅಷ್ಟೇ.

ಸಾಕ್ಷಿ ಹೇಳುವ ಸಮಯದಲ್ಲಿ ಏಳುವವರು ಯಾರು? ಪ್ರಾರ್ಥನೆಗೆ ಉತ್ತರ ಸಿಕ್ಕಿದವರು. ಸಿಗದವರು ಕೂತೇ ಇರುತ್ತಾರೆ. ಹಾಗಾಗಿ ಎಲ್ಲರಿಗೂ ಸಿಕ್ಕಿದೆ, ನನಗೊಬ್ಬಳಿಗೇ ಇಲ್ಲ ಎಂದು ಅನಿಸುವುದು ಸಹಜ. ನಿಮ್ಮ ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿರುವವರೂ ಒಳಗೆ ಅದನ್ನೇ ಅಂದುಕೊಳ್ಳುತ್ತಿರಬಹುದು.

ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ಈ ವಿಷಯದಲ್ಲಿ ಬಹಳ ಪ್ರಾಮಾಣಿಕವಾಗಿದೆ. ಅರಸ ಹೆರೋದ ಶಿಷ್ಯ ಯೋಹಾನನ ಸಹೋದರ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಒಂದೇ ಸಾಲಿನಲ್ಲಿ ಮುಗಿಯಿತು. ಆಮೇಲೆ ಪೇತ್ರನನ್ನು ಹಿಡಿದ. ಸಭೆ ಅವನಿಗಾಗಿ ಪ್ರಾರ್ಥಿಸಿತು. ದೂತ ಬಂದ, ಸರಪಳಿ ಕಳಚಿತು, ಬಾಗಿಲು ತಾನೇ ತೆರೆಯಿತು. ಪೇತ್ರ ಬಂದು ಬಾಗಿಲು ತಟ್ಟಿದರೆ ರೋದೆ ಎಂಬ ಹುಡುಗಿ ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದಳು. ಒಳಗಿದ್ದವರು ನಿನಗೆ ಹುಚ್ಚು ಎಂದರು, ತಾವೇ ಬೇಡಿಕೊಂಡದ್ದು ಬಾಗಿಲಲ್ಲಿ ನಿಂತಿದ್ದಾಗ! ಚೆಂದದ ಕಥೆ. ಆದರೆ ಯೋಹಾನ ಆ ಸುದ್ದಿಯನ್ನು ಹೇಗೆ ಕೇಳಿರಬೇಕು? ಪೇತ್ರ ಅವನ ಆಪ್ತ, ಯಾಕೋಬ ಅವನ ಒಡಹುಟ್ಟಿದವನು. ಪೇತ್ರನಿಗೆ ದೂತ ಬಂದ, ಯಾಕೋಬನಿಗೆ ಯಾಕೆ ಬರಲಿಲ್ಲ ಎಂದು ಇದನ್ನು ಬರೆದ ಲೂಕ ಎಲ್ಲೂ ಹೇಳುವುದಿಲ್ಲ. ಯಾಕೋಬನ ವಿಶ್ವಾಸ ಕಡಿಮೆಯಿತ್ತು ಎಂದು ಮಾತ್ರ ಯಾರೂ ಹೇಳುವಂತಿಲ್ಲ.

ಸಾಕ್ಷಿ ಕೇಳಲು ಆಗದ ದಿನ ಹೊರಗೆ ಹೋಗಿ ಗಾಳಿ ತಗೊಂಡು ಬನ್ನಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

"ಎಲ್ಲಾ ಒಳ್ಳೆಯದಕ್ಕೇ" ಅಂತ ಎಲ್ಲರೂ ಹೇಳ್ತಾರೆ. ನನಗೆ ಅದು ಹಿಡಿಸ್ತಿಲ್ಲ.

ರೋಮಾಪುರದವರಿಗೆ 8:28 ಸತ್ಯವಾದ ಮಾತು. ಅದನ್ನು ಒಂಟಿಯಾಗಿ ಕಿತ್ತು ತಂದರೆ ಕೆಟ್ಟ ಔಷಧಿಯಾಗುತ್ತದೆ. ಅದರ ಮೇಲಿನ ವಚನಗಳಲ್ಲಿ ಸೃಷ್ಟಿಯೆಲ್ಲ ನರಳುತ್ತಿದೆ, ನಾವೂ ನರಳುತ್ತಿದ್ದೇವೆ, ಪವಿತ್ರಾತ್ಮನೂ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದಿದೆ. ಕೆಳಗೆ ಹೋದರೆ ಹಸಿವು, ಬಟ್ಟೆಯಿಲ್ಲದಿರುವುದು, ಕತ್ತಿ. ಪೌಲ ಇವನ್ನು ಒಳ್ಳೆಯದು ಎಂದು ಕರೆಯಲಿಲ್ಲ. ಇವುಗಳಿಂದಲೂ ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಬೇರೆ ಮಾಡಲಾಗದು ಎಂದ.

ಯೇಸುವಿನ ಗೆಳೆಯ ಲಾಜರನ ಸಮಾಧಿಯ ಬಳಿ ಏನಾಯಿತು ನೋಡಿ. ಕಾಯಿಲೆಯ ಸುದ್ದಿ ಬಂದ ಮೇಲೂ ಯೇಸು ಎರಡು ದಿನ ಇದ್ದಲ್ಲೇ ಉಳಿದರು. ಬಂದಾಗ ಲಾಜರ ಸಮಾಧಿಯಲ್ಲಿಟ್ಟು ನಾಲ್ಕು ದಿನ. ಮಾರ್ಥ ಬಂದು, ಸ್ವಾಮಿ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದಳು. ಆಮೇಲೆ ಮರಿಯ ಬಂದಳು, ಅವಳೂ ಅದೇ ಮಾತು. ಆ ನಾಲ್ಕು ದಿನ ಅಕ್ಕತಂಗಿಯರು ಮನೆಯಲ್ಲಿ ಅದನ್ನೇ ಎಷ್ಟು ಸಲ ಹೇಳಿಕೊಂಡಿರಬೇಕು! ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರ ಎದ್ದು ಬರುತ್ತಾನೆ ಎಂದು ಯೇಸುವಿಗೆ ಗೊತ್ತಿತ್ತು. ಎಲ್ಲ ಒಳ್ಳೆಯದಕ್ಕೇ ಎಂದು ಹೇಳುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅವರಿಗಿತ್ತು. ಅವರು ಅತ್ತರು.

ಪ್ರಾರ್ಥನೆಗೆ ಕೂತರೆ ಮಾತೇ ಬರಲ್ಲ. ಬದುಕೇ ಸಾಕು ಅನಿಸುತ್ತೆ.

ಪ್ರವಾದಿ ಎಲೀಯನಿಗೂ ಹಾಗೇ ಅನಿಸಿತ್ತು. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿಸಿದವನು ಮುಂದಿನ ಅಧ್ಯಾಯದಲ್ಲೇ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ ದೇವರೇ, ನನ್ನ ಪ್ರಾಣ ತೆಗೆದುಕೋ ಎಂದ (1 ಅರಸುಗಳು 19). ಆ ಪ್ರಾರ್ಥನೆಗೂ ಅವನು ಕೇಳಿದ ಉತ್ತರ ಬರಲಿಲ್ಲ, ಸದ್ಯ! ಕೇಳಿ ಮಲಗಿಬಿಟ್ಟ. ದೂತನು ಮುಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿದಾಗಲೂ ದೂತ ಹೇಳಿದ್ದು ಎದ್ದು ತಿನ್ನು, ದಾರಿ ಬಹಳ ದೂರ ಇದೆ ಎಂದಷ್ಟೇ. ಬೈಗುಳ ಇಲ್ಲ, ಪ್ರಸಂಗ ಇಲ್ಲ. ದೇವರು ಅವನನ್ನು ಮಾತಾಡಿಸಿದ್ದು ಅದಾದ ಎಷ್ಟೋ ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಹಾಗಾಗಿ ಮೊದಲು ಊಟ, ನಿದ್ದೆ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಇವತ್ತೇ ನಂಬಿಕಸ್ಥರೊಬ್ಬರಿಗೆ ಹೇಳಿ, ಒಬ್ಬರೇ ಇರಬೇಡಿ, ವೈದ್ಯರನ್ನು ನೋಡಿ. ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸವಲ್ಲ. ಹಾಗೆನ್ನುವವರು ತಮ್ಮ ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋಗುತ್ತಾರೆ.

ಮಾತು ಬರದಿದ್ದರೆ ಬೇರೆಯವರ ಮಾತು ಬಳಸಿ. ಕರ್ತನ ಪ್ರಾರ್ಥನೆ ಒಂದನ್ನೇ ಹೇಳಿ. ಅದೂ ಆಗದಿದ್ದರೆ ಸುಮ್ಮನೆ ಕೂತಿರಿ. ಪವಿತ್ರಾತ್ಮನ ನರಳಾಟದ ವಚನ ಇಂಥ ದಿನಗಳಿಗಾಗಿಯೇ ಇದೆ.

ದೇವರು ಇದ್ದಾರೆ ಅಂತ ಅನಿಸುವುದೇ ನಿಂತುಹೋಗಿದೆ. ಇದರರ್ಥ ನನ್ನ ನಂಬಿಕೆ ಸತ್ತಿದೆ ಅಂತಲಾ?

ಅನಿಸಿಕೆ ನಿಂತಿದೆ. ನಂಬಿಕೆಯ ಬಗ್ಗೆ ಇಷ್ಟರಿಂದ ಏನೂ ಹೇಳಲಾಗದು. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ ಬಹಳ ಜನ ಬೆಚ್ಚಿಬಿದ್ದರು. ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯದ ಅನುಭವ ಇರಲಿಲ್ಲ, ಒಳಗೆಲ್ಲ ಕತ್ತಲೆ ಎಂದು ಬರೆದಿದ್ದರು. ಅದೇ ವರ್ಷಗಳಲ್ಲಿ ಅವರು ಬೆಳಗ್ಗೆ ಎದ್ದು ಪ್ರಾರ್ಥಿಸಿದರು, ಬೀದಿಯಲ್ಲಿ ಬಿದ್ದವರನ್ನು ಎತ್ತಿ ತಂದರು.

ಸ್ನಾನಿಕ ಯೋಹಾನನೂ ಸೆರೆಮನೆಯಿಂದ, ಬರಬೇಕಾದವನು ನೀನೇನಾ, ನಾವು ಬೇರೊಬ್ಬನಿಗೆ ಕಾಯಬೇಕಾ ಎಂದು ಕೇಳಿಕಳಿಸಿದ. ಯೊರ್ದನಿನಲ್ಲಿ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದವನೇ ಇವನು! ಯೇಸು ಅವನ ಮೇಲೆ ಸಿಟ್ಟಾಗಲಿಲ್ಲ. ಆ ಪ್ರಶ್ನೆ ಬಂದ ದಿನವೇ ಜನರ ಮುಂದೆ, ಸ್ತ್ರೀಯರಲ್ಲಿ ಹುಟ್ಟಿದವರಲ್ಲಿ ಯೋಹಾನನಿಗಿಂತ ದೊಡ್ಡವನಿಲ್ಲ ಎಂದು ಹೊಗಳಿದರು (ಮತ್ತಾಯ 11). ಯೋಹಾನ ಸೆರೆಮನೆಯಿಂದ ಹೊರಗೆ ಬರಲಿಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು.

"ನಂಬು, ನಂಬು" ಅಂತಾರೆ. ನಂಬುವುದು ಅಂದ್ರೆ ನಾನೇನು ಮಾಡಬೇಕು?

ನಗುತ್ತಾ ಇರಬೇಕೆಂದಿಲ್ಲ. ಆಗೇ ಆಗುತ್ತೆ ಎಂದು ಮನಸ್ಸಿಗೆ ಬಲವಂತ ಮಾಡಬೇಕೆಂದೂ ಇಲ್ಲ. ಬೆಂಕಿಯ ಕುಲುಮೆಯ ಮುಂದೆ ನಿಂತ ಮೂವರು ರಾಜನಿಗೆ ಏನೆಂದರು? ನಮ್ಮ ದೇವರು ಬಿಡಿಸಬಲ್ಲರು, ಬಿಡಿಸದಿದ್ದರೂ ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲ (ದಾನಿಯೇಲ 3). ಬಿಡಿಸುತ್ತಾರೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ.

ಮಗುವಿಗಾಗಿ ಬೇಡುತ್ತಿದ್ದ ಹನ್ನಳದು ಇನ್ನೂ ನಮ್ಮ ಹತ್ತಿರದ ಚಿತ್ರ. ದೇವಾಲಯದಲ್ಲಿ ಅಳುತ್ತಾ ನಿಂತಿದ್ದಾಳೆ, ತುಟಿ ಅಲ್ಲಾಡುತ್ತಿದೆ, ದನಿ ಹೊರಗೆ ಬರುತ್ತಿಲ್ಲ. ಯಾಜಕ ಏಲಿ ನೋಡಿ, ಕುಡಿದು ಬಂದಿದ್ದಾಳೆ ಅಂದುಕೊಂಡ. ನೊಂದವರನ್ನು ದೇವರ ಮನೆಯಲ್ಲೇ ತಪ್ಪು ತಿಳಿಯುವುದು ಅವತ್ತಿನಿಂದಲೂ ಇದೆ. ಅವಳು, ನಾನು ಕುಡಿದಿಲ್ಲ ಸ್ವಾಮಿ, ಮನಸ್ಸಿನ ದುಃಖ ತೋಡಿಕೊಳ್ಳುತ್ತಿದ್ದೇನೆ ಎಂದಳು. ಆಮೇಲೆ ಎದ್ದು ಹೋಗಿ ಊಟ ಮಾಡಿದಳು, ಅವಳ ಮುಖ ಮೊದಲಿನ ಹಾಗೆ ಬಾಡಿರಲಿಲ್ಲ (1 ಸಮುವೇಲ 1:18). ಆಗಿನ್ನೂ ಗರ್ಭ ನಿಂತಿರಲಿಲ್ಲ. ತಾನು ಹೇಳಬೇಕಾದ್ದನ್ನು ಹೇಳಬೇಕಾದವರಿಗೆ ಹೇಳಿ ಮುಗಿಸಿದ್ದಳು. ನಂಬುವುದು ಎಂದರೆ ಸದ್ಯಕ್ಕೆ ನಿಮಗೆ ಇಷ್ಟೇ ಆಗಬಹುದು: ದೇವರ ಹತ್ತಿರ ಹೇಳಿಕೊಳ್ಳುವುದು, ಎದ್ದು ಊಟ ಮಾಡುವುದು, ನಾಳೆ ಮತ್ತೆ ಹೇಳಿಕೊಳ್ಳುವುದು.

ಯಾಕೆ ಹೀಗಾಯ್ತು ಅಂತ ಮುಂದೊಂದು ದಿನ ಗೊತ್ತಾಗುತ್ತಾ?

ಕೆಲವು ಸಲ. ಮೋನಿಕಾ ಎಂಬ ತಾಯಿ ತನ್ನ ಮಗ ತನ್ನನ್ನು ಬಿಟ್ಟು ಹಡಗು ಹತ್ತಿ ರೋಮಿಗೆ ಹೋಗದಿರಲಿ ಎಂದು ರಾತ್ರಿಯಿಡೀ ಅತ್ತು ಪ್ರಾರ್ಥಿಸಿದಳು. ಅವಳು ಪ್ರಾರ್ಥಿಸುತ್ತಿರುವಾಗಲೇ ಮಗ ಸುಳ್ಳು ಹೇಳಿ ಹೊರಟುಹೋದ. ಅದೇ ಇಟಲಿಯಲ್ಲಿ, ಮಿಲಾನಿನ ಬಿಷಪ್ ಆಂಬ್ರೋಸರ ಪ್ರಸಂಗ ಕೇಳಿ ಮನಸ್ಸು ತಿರುಗಿ, 387ರಲ್ಲಿ ಅವನು ದೀಕ್ಷಾಸ್ನಾನ ಪಡೆದ. ಅವನೇ ಸಂತ ಅಗಸ್ಟೀನ್. ಅಮ್ಮ ಆ ರಾತ್ರಿ ಕೇಳಿದ್ದನ್ನು ಕೊಡದೆ, ಅವಳು ಯಾವಾಗಲೂ ಕೇಳುತ್ತಿದ್ದುದನ್ನು ದೇವರು ಕೊಟ್ಟರು ಎಂದು ಅವರೇ ಆಮೇಲೆ ನೆನೆದರು.

ಇನ್ನು ಕೆಲವು ಸಲ ಗೊತ್ತಾಗುವುದೇ ಇಲ್ಲ. ಯೋಬನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಪರಲೋಕದಲ್ಲಿ ನಡೆದ ಮಾತುಕತೆ ಓದುಗರಾದ ನಮಗೆ ಗೊತ್ತು. ಯೋಬನಿಗೆ ಕೊನೆಯವರೆಗೂ ಅದನ್ನು ಯಾರೂ ಹೇಳಲಿಲ್ಲ. 38ನೇ ಅಧ್ಯಾಯದಲ್ಲಿ ದೇವರು ಬಂದು ಮಾತಾಡಿದರು, ಕಾರಣ ಮಾತ್ರ ಕೊಡಲಿಲ್ಲ. ನಿಮ್ಮ ನೋವಿಗೆ ಯಾರಾದರೂ ಬೇಗನೆ ಒಂದು ಕಾರಣ ಹುಡುಕಿ ತಂದರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ಅದೇ ಪ್ರಾರ್ಥನೆ ಮುಂದುವರಿಸಲಾ, ಬಿಟ್ಟುಬಿಡಲಾ?

ನ್ಯಾಯಾಧಿಪತಿಯನ್ನು ಬಿಡದೆ ಕಾಡಿದ ವಿಧವೆಯ ಕಥೆ ಹೇಳಿ, ಬೇಸರಪಡದೆ ಪ್ರಾರ್ಥಿಸಿ ಎಂದರು ಯೇಸು (ಲೂಕ 18). ಇತ್ತ ಪೌಲ ಮೂರು ಸಲ ಕೇಳಿ ನಿಲ್ಲಿಸಿದ, ಯಾಕೆಂದರೆ ಸ್ಪಷ್ಟ ಉತ್ತರ ಬಂದಿತ್ತು. ದಾವೀದ ಕಾಯಿಲೆ ಬಿದ್ದ ಮಗುವಿಗಾಗಿ ಉಪವಾಸ ಮಾಡಿ ನೆಲದ ಮೇಲೆ ಬಿದ್ದಿದ್ದ. ಏಳನೇ ದಿನ ಮಗು ಸತ್ತಾಗ ಎದ್ದು, ಸ್ನಾನ ಮಾಡಿ, ದೇವರ ಮನೆಗೆ ಹೋಗಿ ಅಡ್ಡಬಿದ್ದು, ಬಂದು ಊಟ ಕೇಳಿದ (2 ಸಮುವೇಲ 12). ಅಂದರೆ ಬಾಗಿಲು ಮುಚ್ಚಿದ್ದು ಖಚಿತವಾಗುವವರೆಗೂ ಕೇಳಬಹುದು. ದಿನಾ ಕೇಳಿ ಸುಸ್ತಾಗಿದ್ದರೆ, ಸ್ವಲ್ಪ ದಿನ ನನ್ನ ಪರವಾಗಿ ನೀವು ಕೇಳಿ ಎಂದು ಇಬ್ಬರು ಸ್ನೇಹಿತರಿಗೆ ಒಪ್ಪಿಸಿಬಿಡಿ.

ನೊಂದವರ ಮನೆಗೆ ಹೋದರೆ ಏನು ಹೇಳಬೇಕು?

ಕಡಿಮೆ ಹೇಳಿ. ಯೋಬನ ಗೆಳೆಯರು ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೂ ಚೆನ್ನಾಗೇ ಇತ್ತು, ಬಾಯಿ ಬಿಟ್ಟ ಮೇಲೆ ಕೆಟ್ಟಿತು. "ಏನಾದರೂ ಬೇಕಿದ್ದರೆ ಹೇಳಿ" ಎಂದು ಹೇಳಿ ಬರುವುದಕ್ಕಿಂತ ಪಾತ್ರೆ ತೊಳೆದು, ಮಕ್ಕಳನ್ನು ಶಾಲೆಗೆ ಬಿಟ್ಟು ಬನ್ನಿ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ. ಮೂರು ತಿಂಗಳಾದ ಮೇಲೆ, ಎಲ್ಲರೂ ಮರೆತಾಗ, ಒಂದು ಫೋನ್ ಮಾಡಿ.

ಸತ್ಯವೇದದಲ್ಲಿ ಎಲ್ಲಿಂದ ಓದಲು ಶುರುಮಾಡಲಿ?

ಹದಿಮೂರನೇ ಕೀರ್ತನೆಯಿಂದ, ಒಂದು ನಿಮಿಷ ಸಾಕು. ಕೋಪ ಜಾಸ್ತಿ ಇರುವ ದಿನ 88. ಆಮೇಲೆ ಯೋಹಾನ 11 ಪೂರ್ತಿ, ನಿಧಾನವಾಗಿ. ಹಬಕ್ಕೂಕ ಮೂರೇ ಅಧ್ಯಾಯದ ಪುಸ್ತಕ, "ಎಷ್ಟು ಕಾಲ ಮೊರೆಯಿಡಲಿ" ಎಂದು ಶುರುವಾಗಿ, ಅಂಜೂರದ ಗಿಡದಲ್ಲಿ ಚಿಗುರಿಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ ಎಂಬಲ್ಲಿಗೆ ಬಂದೂ ಹಾಡುತ್ತದೆ. ಅದನ್ನು ಒಂದೇ ಸಲಕ್ಕೆ ಓದಿಬಿಡಬಹುದು. ಯೋಬನ ಪುಸ್ತಕ ಈಗಲೇ ಬೇಡ. ಗೆಳೆಯರ ಭಾಷಣ ಬಹಳ ಉದ್ದ, ನೀವು ಅಂಥದ್ದನ್ನು ಆಗಲೇ ಸಾಕಷ್ಟು ಕೇಳಿರುತ್ತೀರಿ.